ಮಲೆನಾಡಿನ ಮನೆಗೆ ಗಿಟಾರು: ಹಳೆಯದೋ, ಹಳೆಯದರ ಹೊಸ ಅಚ್ಚೋ?

ಆರಿದ್ರೆ ಮಳೆ ಹಿಡಿದು ವಾರ ಕಳೆದಿತ್ತು. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಒಳಕೋಣೆಯಲ್ಲಿ ಗೋಡೆಗೆ ತೂಗುಹಾಕಿದ್ದ ಗಿಟಾರು ರಾತ್ರಿ ಹೊತ್ತಿನಲ್ಲಿ ‘ಟಪ್’ ಎಂದು ಸದ್ದು ಮಾಡಿತು. ಬೆಳಿಗ್ಗೆ ನೋಡಿದರೆ, ತಂತಿಗಳನ್ನು ಹಿಡಿದು ನಿಲ್ಲಿಸುವ ಬ್ರಿಡ್ಜ್ ಹಿಂದುಗಡೆಯಿಂದ ಎದ್ದು, ಅದರ ಕೆಳಗೆ ಅಂಚೆ ಕಾರ್ಡು ತೂರುವಷ್ಟು ಸಂದು ಬಿಟ್ಟಿತ್ತು. ಹಿಂದಿನ ಯಾರೋ ಅದನ್ನು ಮರಗೆಲಸದ ಬಿಳಿ ಅಂಟಿನಿಂದ ಕೂರಿಸಿದ್ದರೆಂದು ತಿಳಿದದ್ದು ಆಮೇಲೆ. ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಕೊಂಡಾಗ ಅದರಲ್ಲಿ ಯಾವ ಕುಂದೂ ಕಂಡಿರಲಿಲ್ಲ; ಒಣಹವೆಯಲ್ಲಿ ಅಂಟಿನ ದೋಷ ಮಲಗಿರುತ್ತದೆ. ಹಳೆಯ ಅಕೌಸ್ಟಿಕ್ ಗಿಟಾರು ಕೊಳ್ಳಬೇಕೋ, ಅದೇ ಮಾದರಿಯನ್ನು ಕಂಪನಿಗಳು ಈಗ ಮತ್ತೆ ತಯಾರಿಸಿ ಮಾರುವ ರೀಇಶ್ಯೂ ಕೊಳ್ಳಬೇಕೋ ಎಂದು ಶಿವಮೊಗ್ಗದಲ್ಲೋ ಸಾಗರದಲ್ಲೋ ಕೊಪ್ಪದಲ್ಲೋ ಕುಳಿತು ಯೋಚಿಸುವವರು, ಬೇರೆ ಊರಿನವರು ಕೊಡುವ ಸಲಹೆಗೆ ನಮ್ಮ ನಾಲ್ಕು ತಿಂಗಳ ಮಳೆಯ ಲೆಕ್ಕವನ್ನು ತಾವೇ ಸೇರಿಸಿಕೊಳ್ಳಬೇಕಾಗುತ್ತದೆ.

ಮೊದಲು, ಹಳೆಯದಕ್ಕೆ ಅಷ್ಟು ಬೆಲೆ ಏಕೆ ಎಂಬುದನ್ನು ನೋಡೋಣ. ಜನ ಹುಡುಕುವುದು ಬರಿಯ ವಯಸ್ಸನ್ನಲ್ಲ, ನಿರ್ದಿಷ್ಟ ಕಾಲದ ನಿರ್ದಿಷ್ಟ ಕಟ್ಟಣೆಯನ್ನು. ಅಮೆರಿಕದ ಪೆನ್ಸಿಲ್ವೇನಿಯಾದ ಮಾರ್ಟಿನ್ ಕಂಪನಿಯ ಡಿ-28 ಗಿಟಾರಿನ ಮೇಲ್ಹಲಗೆಯನ್ನು ಒಳಗಿನಿಂದ ಹಿಡಿದಿರುವ ಪಟ್ಟಿಗಳನ್ನು, ಅಂದರೆ ಬ್ರೇಸ್‌ಗಳನ್ನು, 1944ರ ಕೊನೆಯವರೆಗೆ ನಡುವೆ ತಗ್ಗಾಗಿ ಕೆತ್ತುತ್ತಿದ್ದರು. ಇದರಿಂದ ಹಲಗೆ ಹಗುರಾಗಿ ಕಂಪಿಸುತ್ತಿತ್ತು. ಆಮೇಲೆ, ದಪ್ಪ ತಂತಿ ಬಳಸುವವರ ಎಳೆತಕ್ಕೆ ಹಲಗೆ ತಡೆಯಲೆಂದು ಆ ಕೆತ್ತನೆಯನ್ನು ಕೈಬಿಟ್ಟರು. ಅದೇ ಕಂಪನಿ 1976ರಲ್ಲಿ ಎಚ್‌ಡಿ-28 ಎಂಬ ಮಾದರಿಯಲ್ಲಿ ಹಳೆಯ ಕೆತ್ತನೆಯನ್ನು ಮರಳಿ ತಂದಿತು. ಹಾಗೆ ನೋಡಿದರೆ ರೀಇಶ್ಯೂ ಎಂಬ ಯೋಚನೆಗೇ ಈಗ ಐವತ್ತು ವರ್ಷಗಳ ಹತ್ತಿರದ ವಯಸ್ಸು. ಗಿಬ್ಸನ್ ಕಂಪನಿಯ ಜೆ-45 ಮಾದರಿ 1942ರಲ್ಲಿ ಬಂದಿತು. ಯುದ್ಧಕಾಲದಲ್ಲಿ ಕಟ್ಟಿದ ಆ ಗಿಟಾರುಗಳನ್ನು ಇಂದಿಗೂ ಹುಡುಕಿಕೊಂಡು ಹೋಗುವವರಿದ್ದಾರೆ. ಆದರೆ ಅದೇ ಕಂಪನಿ 1970ರ ದಶಕದಲ್ಲಿ ಒಳಗೆ ಎರಡೆರಡು ಎಕ್ಸ್ ಆಕಾರದ ಭಾರವಾದ ಪಟ್ಟಿಗಳನ್ನು ಹಾಕಿ ಕಟ್ಟಿದ ಗಿಟಾರುಗಳು ವಯಸ್ಸಿನಲ್ಲಿ ಹಳೆಯವಾದರೂ ದನಿಯಲ್ಲಿ ಬಿಗಿಯಾಗಿರುತ್ತವೆ. ಐವತ್ತು ವರ್ಷ ಹಳೆಯದು ಎಂಬ ಒಂದೇ ಮಾತಿಗೆ ಹಣ ಬಿಚ್ಚಬಾರದು. 1942ರ ಅಳತೆಯನ್ನು ಹಿಡಿದು ಈಚೆಗೆ ಕಟ್ಟಿದ ರೀಇಶ್ಯೂ, 1972ರ ಅಸಲಿಗಿಂತ ಹಳೆಯ ದನಿಗೆ ಹತ್ತಿರವಾಗಿರಬಹುದು.

ಮರದ ವಿಷಯದಲ್ಲಿ ನಮಗೊಂದು ಹತ್ತಿರದ ನಂಟಿದೆ. ಮಾರ್ಟಿನ್ ಕಂಪನಿ ತನ್ನ ಡಿ-28ರ ಬೆನ್ನಿಗೂ ಪಕ್ಕಗಳಿಗೂ ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿತ್ತು. ಆ ದೇಶ ದಿಮ್ಮಿಗಳ ರಫ್ತನ್ನು ತಡೆದ ಮೇಲೆ 1969ರ ಸುಮಾರಿಗೆ ಭಾರತದ ರೋಸ್‌ವುಡ್ಡಿಗೆ ಬದಲಾಯಿತು. ಭಾರತದ ರೋಸ್‌ವುಡ್ ಎಂದರೆ ಬೇರೇನೂ ಅಲ್ಲ, ನಮ್ಮ ಬೀಟೆ. ಅಜ್ಜನ ಕಾಲದ ಬೀಟೆ ಮಂಚದ ಮೇಲೆ ಮಲಗಿಕೊಂಡು, ಬೀಟೆಯ ಗಿಟಾರು ‘ಎರಡನೆಯ ದರ್ಜೆ’ ಎಂಬ ಮಾತನ್ನು ಓದಿ ಕೊರಗುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ. ದನಿಯಲ್ಲಿ ಎರಡಕ್ಕೂ ವ್ಯತ್ಯಾಸ ಇರಬಹುದು. ಆದರೆ ಅದು ಬೆಲೆಯಲ್ಲಿರುವ ವ್ಯತ್ಯಾಸದಷ್ಟು ಇಲ್ಲ. ಇದಲ್ಲದೆ ಬ್ರೆಜಿಲ್ ರೋಸ್‌ವುಡ್ 1992ರಿಂದ ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಆ ಮರದ ಹಳೆಯ ಗಿಟಾರನ್ನು ಹೊರದೇಶದಿಂದ ತರಿಸುವುದಾದರೆ ಎರಡೂ ಕಡೆಯ ಪರವಾನಗಿ ಪತ್ರಗಳಿಲ್ಲದೆ ಕೈಹಾಕಬಾರದು. ಬೀಟೆಯೂ ಸೇರಿ ಉಳಿದ ರೋಸ್‌ವುಡ್ ಜಾತಿಗಳನ್ನು 2017ರ ಜನವರಿಯಲ್ಲಿ ಎರಡನೆಯ ಪಟ್ಟಿಗೆ ಸೇರಿಸಿದ್ದರು. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಿಂದ ಅದರಲ್ಲಿ ವಿನಾಯಿತಿ ಸಿಕ್ಕಿದೆ. ತೀರ ಹಳೆಯ ವಾದ್ಯಗಳಲ್ಲಿ ಆನೆದಂತ ಅಥವಾ ಕಡಲಾಮೆ ಚಿಪ್ಪಿನ ಚೂರುಗಳಿದ್ದರೆ ತಾಪತ್ರಯ ಇನ್ನೂ ದೊಡ್ಡದು.

ಈಗ ಮಳೆಯ ವಿಷಯ. ಮಳೆಗಾಲದಲ್ಲಿ ಬಾಗಿಲು ಹಿಗ್ಗಿ ಚಿಲಕ ಕೂರದೆ ಹೋಗುವುದನ್ನು ಕಂಡಿರುವ ನಮಗೆ ಮರ ನೀರು ಕುಡಿಯುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗಿಟಾರು ವೀಣೆಯ ಹಾಗೆ ಹಲಸಿನ ದಿಮ್ಮಿಯನ್ನು ಕೊರೆದು ಮಾಡಿದ್ದಲ್ಲ; ಅದರ ಮೇಲ್ಹಲಗೆಯ ದಪ್ಪ ಸುಮಾರು 3 ಮಿ.ಮೀ. ಮಾತ್ರ. ಆ ಹಲಗೆಯನ್ನು ಉಕ್ಕಿನ ಆರು ತಂತಿಗಳು ಸುಮಾರು 70 ಕಿಲೋ ತೂಕದಷ್ಟು ಬಲದಿಂದ ಹಗಲಿರುಳು ಎಳೆಯುತ್ತಿರುತ್ತವೆ. ತಯಾರಕರು ಸಾಮಾನ್ಯವಾಗಿ ಹೇಳುವುದು, ಗಾಳಿಯ ತೇವಾಂಶ ಶೇಕಡಾ 45ರಿಂದ 55ರ ಒಳಗಿರಲಿ ಎಂದು. ಆಗುಂಬೆ, ಹೊಸನಗರದ ಕಡೆ ಜುಲೈ ತಿಂಗಳಿನಲ್ಲಿ ಅದು 90 ದಾಟಿ ವಾರಗಟ್ಟಲೆ ಅಲ್ಲೇ ನಿಲ್ಲುತ್ತದೆ. ಆಗ ಹಲಗೆ ಉಬ್ಬುತ್ತದೆ, ಬ್ರಿಡ್ಜ್ ಮೇಲೇರುತ್ತದೆ, ತಂತಿ ಕುತ್ತಿಗೆಯ ಮೇಲಿನ ಲೋಹದ ಅಡ್ಡಗೆರೆಗಳಾದ ಫ್ರೆಟ್‌ಗಳಿಂದ ದೂರ ಸರಿದು ಬೆರಳು ನೋಯುತ್ತದೆ, ದನಿ ಕಂಬಳಿ ಹೊದೆಸಿದಂತೆ ಮಂಕಾಗುತ್ತದೆ. ಹಳೆಯ ಗಿಟಾರುಗಳನ್ನು ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟಿನಿಂದ ಕೂಡಿಸಿರುತ್ತಾರೆ. ಒಣ ಊರಿನಲ್ಲಿ ನೂರು ವರ್ಷ ಹಿಡಿದು ನಿಲ್ಲುವ ಆ ಅಂಟು, ತೇವ ಮತ್ತು ಕಾವು ಕೂಡಿದಾಗ ಮೆತ್ತಗಾಗುತ್ತದೆ. ದುರಸ್ತಿಯವರು ಗಿಟಾರಿನ ಕುತ್ತಿಗೆಯನ್ನು ಬಿಡಿಸಲು ಹಬೆ ಹಾಯಿಸುವುದು ಇದೇ ಕಾರಣಕ್ಕೆ. ಈ ಗುಣದಿಂದ ಅನುಕೂಲವೂ ಇದೆ, ಏಕೆಂದರೆ ಬಿಟ್ಟುಕೊಂಡ ಕೀಲನ್ನು ಚೊಕ್ಕಟವಾಗಿ ತೆಗೆದು ಮತ್ತೆ ಕೂಡಿಸಬಹುದು. ಆದರೆ ಹಾಗೆ ಕೂಡಿಸಬಲ್ಲ ಕೈ ನಮ್ಮ ಹತ್ತಿರದಲ್ಲಿರಬೇಕು. ಮರದ ಕೆಲಸ ಬಲ್ಲವರು ನಮ್ಮಲ್ಲಿ ಧಾರಾಳವಾಗಿದ್ದಾರೆ, ಸಾಗರ ಸೊರಬದ ಗುಡಿಗಾರರ ಕೈಚಳಕ ಲೋಕಕ್ಕೇ ಗೊತ್ತು. ಹಾಗೆಂದು ಗಿಟಾರಿನ ಬ್ರಿಡ್ಜನ್ನು ಬಡಗಿಯವರಿಂದ ಬಿಳಿ ಅಂಟು ಹಾಕಿಸಿ ಕೂರಿಸುವುದು ತಪ್ಪು; ಆ ಅಂಟು ಎಡೆಬಿಡದ ಎಳೆತಕ್ಕೆ ನಿಧಾನವಾಗಿ ಜಾರುತ್ತದೆ. ನನ್ನ ಗಿಟಾರಿನಲ್ಲಿ ಆದದ್ದೂ ಅದೇ.

ಹಳೆಯ ಗಿಟಾರನ್ನು ನೋಡಲು ಹೋಗುವಾಗ ಒಂದು ಉಕ್ಕಿನ ನೇರಪಟ್ಟಿ, ಚಿಕ್ಕ ಕನ್ನಡಿ, ಟಾರ್ಚು ಮತ್ತು ಒಂದು ತೆಳುವಾದ ಕಾಗದ ಕೈಯಲ್ಲಿರಲಿ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕುತ್ತಿಗೆಯ ಕೋನವನ್ನು. ನೇರಪಟ್ಟಿಯನ್ನು ಫ್ರೆಟ್‌ಗಳ ಮೇಲೆ ಉದ್ದಕ್ಕೆ ಇಟ್ಟು ಬ್ರಿಡ್ಜಿನ ಕಡೆಗೆ ಚಾಚಿದರೆ, ಅದರ ತುದಿ ಬ್ರಿಡ್ಜಿನ ನೆತ್ತಿಯನ್ನು ಸವರಿಕೊಂಡು ಹೋಗಬೇಕು. ಅದು ಕೆಳಗೆ ಇಳಿದು ಬ್ರಿಡ್ಜಿನ ಅಂಚಿಗೆ ಬಡಿದರೆ, ದಶಕಗಳ ಎಳೆತಕ್ಕೆ ಕುತ್ತಿಗೆ ಮುಂದಕ್ಕೆ ಬಾಗಿದೆ ಎಂದು ಅರ್ಥ. ಕುತ್ತಿಗೆಯನ್ನು ಬಿಡಿಸಿ, ಕೀಲನ್ನು ಕೆತ್ತಿ, ಮತ್ತೆ ಕೂರಿಸುವ ನೆಕ್ ರೀಸೆಟ್ ಎಂಬ ದುಬಾರಿ ಕೆಲಸ ಬಾಕಿ ಇದೆ. ಉಕ್ಕಿನ ತಂತಿಯ ಹಳೆಯ ಗಿಟಾರುಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ದಿನ ಇದನ್ನು ಬೇಡುತ್ತವೆ. ಮಾರುವವರು ಬ್ರಿಡ್ಜಿನ ಮೇಲೆ ತಂತಿಗಳನ್ನು ಹೊರುವ ಸ್ಯಾಡಲ್ ಎಂಬ ಸಣ್ಣ ಪಟ್ಟಿಯನ್ನು ಉಜ್ಜಿ ಗಿಡ್ಡ ಮಾಡಿ ತಂತಿಯ ಎತ್ತರವನ್ನು ಸರಿಮಾಡಿ ತೋರಿಸಿರಬಹುದು, ಆದ್ದರಿಂದ ಸ್ಯಾಡಲ್ ಬ್ರಿಡ್ಜಿನಿಂದ 3 ಮಿ.ಮೀ.ಯಷ್ಟಾದರೂ ಮೇಲೆ ಕಾಣುತ್ತಿದೆಯೇ ಎಂದು ನೋಡಿ. ಹನ್ನೆರಡನೆಯ ಫ್ರೆಟ್ಟಿನಲ್ಲಿ ದಪ್ಪ ತಂತಿಯ ಎತ್ತರ ಸುಮಾರು 2.5 ಮಿ.ಮೀ. ಇರುವುದು ರೂಢಿ. ಇಲ್ಲಿಯೂ ಒಂದು ಮಲೆನಾಡಿನ ಲೆಕ್ಕವಿದೆ: ಬೇಸಗೆಯಲ್ಲಿ ಅಂಚಿನಲ್ಲಷ್ಟೇ ಪಾಸಾದ ಗಿಟಾರು ಆಶ್ಲೇಷೆ ಮಳೆಯ ಹೊತ್ತಿಗೆ ಖಂಡಿತ ಫೇಲಾಗುತ್ತದೆ. ಸಾಧ್ಯವಿದ್ದರೆ ಹಳೆಯದನ್ನು ಜುಲೈ ಆಗಸ್ಟಿನಲ್ಲಿಯೇ ನೋಡಿ ಕೊಳ್ಳಿ. ಮಳೆಯಲ್ಲಿ ನೆಟ್ಟಗಿರುವ ಗಿಟಾರಿಗೆ ಅಂಟಿನ ಚಿಂತೆ ಕಡಿಮೆ.

ಆಮೇಲೆ ಬ್ರಿಡ್ಜಿನ ಹಿಂಬದಿಯಲ್ಲಿ ಕಾಗದ ತೂರುತ್ತದೆಯೇ ನೋಡಿ. ಬೆರಳ ಗೆಣ್ಣಿನಿಂದ ಹಲಗೆಯನ್ನು ಅಲ್ಲಲ್ಲಿ ತಟ್ಟಿದಾಗ ಗರಗರ ಸದ್ದು ಬಂದರೆ ಒಳಪಟ್ಟಿ ಬಿಟ್ಟುಕೊಂಡಿದೆ. ಕನ್ನಡಿ ಮತ್ತು ಟಾರ್ಚಿನಿಂದ ಅದನ್ನು ಕಣ್ಣಾರೆ ಕಾಣಬಹುದು. ಒಳಗೆ ಬೂಷ್ಟು, ಕೊರಕ ಹುಳುವಿನ ಪುಡಿ ಇವೆಯೇ ಎಂದು ನೋಡುವುದನ್ನು ಹೊರದೇಶದವರು ಅಷ್ಟಾಗಿ ಹೇಳುವುದಿಲ್ಲ, ನಮಗೆ ಅದು ಮುಖ್ಯ. ಹಳೆಯ ಮಾರ್ಟಿನ್‌ಗಳಲ್ಲಿ ಗೀರು ಬೀಳದಂತೆ ಹಲಗೆಗೆ ಅಂಟಿಸಿದ ಕಪ್ಪು ಪಿಕ್‌ಗಾರ್ಡ್ ಕುಗ್ಗಿ ಪಕ್ಕದ ಹಲಗೆಯನ್ನೇ ಸೀಳಿರುವುದುಂಟು. ಒಳಗಿನಿಂದ ತುಂಡು ಮರ ಕೊಟ್ಟು ಗಟ್ಟಿಮಾಡಿದ ಹಳೆಯ ಬಿರುಕಿಗೆ ಹೆದರಬೇಕಾಗಿಲ್ಲ, ಬೆರಳಿನಿಂದ ಒತ್ತಿದರೆ ಅಲುಗಾಡುವ ಬಿರುಕಿಗೆ ಹೆದರಬೇಕು. ತಯಾರಾದ ವರ್ಷದ ಬಗ್ಗೆ ಹೇಳುವುದಾದರೆ, ಮಾರ್ಟಿನ್ ಕಂಪನಿಯದು 1898ರಿಂದ ಒಂದೇ ಸಾಲಿನ ಕ್ರಮಸಂಖ್ಯೆ, ಒಳಗಿನ ಕುತ್ತಿಗೆಬುಡದಲ್ಲಿ ಒತ್ತಿರುತ್ತಾರೆ. ಗಿಬ್ಸನ್ನಿನ 1960ರ, 70ರ ದಶಕಗಳ ಸಂಖ್ಯೆಗಳು ಮರುಬಳಕೆಯಾಗಿರುವುದರಿಂದ ಸಂಖ್ಯೆಯೊಂದನ್ನೇ ನಂಬುವಂತಿಲ್ಲ.

ಇಷ್ಟು ಓದಿದವರು ‘ಹಾಗಾದರೆ ಹೊಸದೇ ಸರಿ’ ಎಂದು ಅಂಗಡಿಗೆ ಹೊರಡುವ ಮೊದಲು ಒಂದು ಮಾತು. ರೀಇಶ್ಯೂಗಳಲ್ಲಿ ಎರಡು ಬಗೆ. ಒಂದು, ಹಳೆಯದರ ರೂಪ, ಕೆತ್ತನೆ, ಮರಗಳನ್ನು ಇಟ್ಟುಕೊಂಡು ಅಂಟು ಮತ್ತು ಕುತ್ತಿಗೆಯನ್ನು ಇಂದಿನ ರೀತಿಯಲ್ಲಿ ಮಾಡುವುದು. ಇನ್ನೊಂದು, ಹಳೆಯದನ್ನು ಅದರ ಕುಂದುಗಳ ಸಮೇತ ನಕಲು ಮಾಡುವುದು. ಮಾರ್ಟಿನ್ನಿನ ಅಥೆಂಟಿಕ್ ಸರಣಿ ಎರಡನೆಯ ಬಗೆಯದು: ಚರ್ಮದ ಅಂಟು, ಕುತ್ತಿಗೆಯೊಳಗೆ ತಿರುಗಿಸಲಾಗದ ಉಕ್ಕಿನ ಪಟ್ಟಿ. ಆ ಕಂಪನಿ ತಿರುಗಿಸಿ ಕುತ್ತಿಗೆಯ ಬಾಗನ್ನು ಸರಿಪಡಿಸಬಲ್ಲ ಟ್ರಸ್ ರಾಡ್ ಎಂಬ ಸರಳನ್ನು ಅಳವಡಿಸಿಕೊಂಡದ್ದೇ 1985ರಲ್ಲಿ, ಹಾಗಾಗಿ 1937ರ ನಿಷ್ಠಾವಂತ ನಕಲಿನಲ್ಲಿ ಅದು ಇರುವುದಿಲ್ಲ. ಗಿಬ್ಸನ್ ಮಾತ್ರ 1920ರ ದಶಕದಲ್ಲೇ ಅದನ್ನು ಹಾಕತೊಡಗಿತ್ತು. ಹವೆ ಬದಲಾದಂತೆ ಕುತ್ತಿಗೆಯ ಬಾಗನ್ನು ಒಂದು ಕೀಲಿಯಿಂದ ಅರ್ಧ ಸುತ್ತು ತಿರುಗಿಸಿ ಸರಿಮಾಡಿಕೊಳ್ಳುವ ಅವಕಾಶ ನಮ್ಮ ಊರಿನಲ್ಲಿ ಅಲಂಕಾರವಲ್ಲ, ಅಗತ್ಯ. ಆದ್ದರಿಂದ ಅತಿ ದುಬಾರಿಯ, ಅತಿ ನಿಷ್ಠೆಯ ರೀಇಶ್ಯೂ ಮಲೆನಾಡಿಗೆ ಅತಿ ಯೋಗ್ಯವಾದದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ರೀಇಶ್ಯೂಗಳಲ್ಲಿ ನಮಗೆ ನಿಜವಾಗಿ ಉಪಯೋಗಕ್ಕೆ ಬರುವ ಒಂದು ಹೊಸ ವಿದ್ಯೆಯೆಂದರೆ ಮೇಲ್ಹಲಗೆಯನ್ನು ಹುರಿಯುವುದು. ಆಮ್ಲಜನಕ ತೀರ ಕಡಿಮೆ ಇರುವ ಒಲೆಯಲ್ಲಿ ಸ್ಪ್ರೂಸ್ ಮರವನ್ನು ಹೆಚ್ಚಿನ ಕಾವಿಗೆ ಒಡ್ಡಿದರೆ ಅದರ ಅಂಟುರಸ, ಸಕ್ಕರೆಯ ಅಂಶಗಳು ಮಾರ್ಪಡುತ್ತವೆ. ಮರ ಹಗುರಾಗಿ, ಹಳೆಯ ಮರದ ದನಿಗೆ ಸಮೀಪಿಸುತ್ತದೆ. ಮಾರ್ಟಿನ್ ಇದನ್ನು 2015ರಿಂದ ವಿಟಿಎಸ್ ಎಂಬ ಹೆಸರಿನಲ್ಲಿ ಮಾಡುತ್ತಿದೆ, ಯಮಹಾದವರು ಎ.ಆರ್.ಇ. ಎನ್ನುತ್ತಾರೆ. ಮಾರಾಟದವರು ದನಿಯ ಬಗ್ಗೆಯೇ ಮಾತನಾಡುತ್ತಾರೆ, ಆದರೆ ಹುರಿದ ಮರ ತೇವವನ್ನು ಕಡಿಮೆ ಹೀರುತ್ತದೆ ಎಂಬುದು ನಮಗೆ ಇನ್ನೂ ದೊಡ್ಡ ಲಾಭ. ಅಂಥ ಮರ ಸ್ವಲ್ಪ ಪೆಡಸಾಗಿರುತ್ತದೆ, ಬಿದ್ದರೆ ಸೀಳುವ ಸಂಭವ ಹೆಚ್ಚು.

ಅಮೆರಿಕದ ಗಿಟಾರುಗಳ ಬೆಲೆ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಯಮಹಾದ ಎಫ್‌ಜಿ-180 ಉದಾಹರಣೆ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಜಪಾನಿನಲ್ಲಿ 1966ರಲ್ಲಿ ಬಂದ ಈ ಗಿಟಾರಿನ ಮೇಲ್ಹಲಗೆ ಪದರ ಪದರವಾಗಿ ಅಂಟಿಸಿದ ಪ್ಲೈವುಡ್. ಅದರ ನೆನಪಿನಲ್ಲಿ ಈಚಿನ ವರ್ಷಗಳಲ್ಲಿ ತಂದಿರುವ ರೆಡ್ ಲೇಬಲ್ ಸರಣಿಯ ಗಿಟಾರುಗಳು ಇಡೀ ಮರದವು. ಅಂದರೆ ಇಲ್ಲಿ ಹೊಸ ಅಚ್ಚು ಹಳೆಯದಕ್ಕಿಂತ ಮೇಲಿನ ಸಾಮಗ್ರಿಯದು. ಆದರೂ ಹಳೆಯ ಎಫ್‌ಜಿ-180 ಸುಸ್ಥಿತಿಯಲ್ಲಿ, ಸಾಧಾರಣ ಬೆಲೆಗೆ ಸಿಕ್ಕಿದರೆ ನಾನು ಬೇಡವೆನ್ನಲಾರೆ, ಪ್ಲೈವುಡ್ಡಿಗೆ ಮಳೆಯ ಹೊಡೆತ ಕಡಿಮೆ ತಾಗುತ್ತದೆ. ಭಾವಗೀತೆಯ ತಂಡಗಳಲ್ಲಿ, ಚರ್ಚುಗಳ ಗಾಯನವೃಂದಗಳಲ್ಲಿ ಬಳಕೆಯಾಗಿ ಈಗ ಅಟ್ಟ ಸೇರಿರುವ ಕೋಲ್ಕತ್ತದ ಗಿವ್ಸನ್‌ನಂಥ ನಮ್ಮ ದೇಶದ ಗಿಟಾರುಗಳನ್ನೂ ಕೆಲವರು ‘ವಿಂಟೇಜ್’ ಎಂದು ಹೇಳಿ ಮಾರುವುದುಂಟು. ಗಿಬ್ಸನ್ ಹೆಸರಿಗೂ ಅದಕ್ಕೂ ಒಂದೇ ಅಕ್ಷರದ ವ್ಯತ್ಯಾಸವೆಂದು ಮರುಳಾಗದೆ, ಕುತ್ತಿಗೆ ನೆಟ್ಟಗಿದ್ದರೆ ನುಡಿಸಲಿಕ್ಕೆಂದು ಮಾತ್ರ ಕೊಳ್ಳಿ.

ಯಾವುದನ್ನೇ ತಂದರೂ ಹೊರಗೋಡೆಗೆ ತೂಗುಹಾಕಬೇಡಿ, ಆ ಗೋಡೆ ಮಳೆಗಾಲವಿಡೀ ಬೆವರುತ್ತಿರುತ್ತದೆ. ಅಡಿಕೆ ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಉಪಾಯ ಗಿಟಾರಿಗೆ ವಿಷ. ಕಾವಿಗೆ ಅಂಟು ಮೆತ್ತಗಾಗುತ್ತದೆ. ಗಟ್ಟಿ ಪೆಟ್ಟಿಗೆಯಲ್ಲಿ ತೇವಾಂಶ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರಿನ ಜೊತೆಗೆ ಸಿಲಿಕಾ ಜೆಲ್ ಇಟ್ಟು, ವಾರಕ್ಕೊಮ್ಮೆ ಆ ಜೆಲ್ಲನ್ನು ಬಾಣಲೆಯಲ್ಲಿ ಹದವಾಗಿ ಬಿಸಿಮಾಡಿ ಒಣಗಿಸಿಕೊಳ್ಳಿ. ಬೇಸಗೆ ಬಂದೊಡನೆ ಜೆಲ್ಲನ್ನು ಹೊರಗೆ ತೆಗೆಯಲು ಮರೆಯಬೇಡಿ, ಇಲ್ಲವಾದರೆ ಅತಿಯಾಗಿ ಒಣಗಿ ಹಲಗೆ ಸೀಳುತ್ತದೆ. ಹಳೆಯ ಗಿಟಾರುಗಳ ನೈಟ್ರೋ ಲ್ಯಾಕರ್ ಮೆರುಗು ಸೊಳ್ಳೆಗೆ, ಉಂಬಳಕ್ಕೆ ಹಚ್ಚಿಕೊಳ್ಳುವ ಡೀಟ್ ಇರುವ ಎಣ್ಣೆ ತಾಗಿದರೆ ಕರಗಿ ಅಂಟಂಟಾಗುತ್ತದೆ. ತೋಟದಿಂದ ಬಂದವರು ಕೈ ತೊಳೆದೇ ಮುಟ್ಟಬೇಕು.

ನನ್ನ ಗಿಟಾರಿನ ಬ್ರಿಡ್ಜನ್ನು ಬೆಂಗಳೂರಿನಲ್ಲಿ ತೆಗೆಸಿ, ಬಿಳಿ ಅಂಟನ್ನು ಕೆರೆಸಿ, ಮತ್ತೆ ಕೂರಿಸಿಕೊಂಡು ಬಂದೆ. ಅದನ್ನು ಮಾಡಿದವರು ಮೂಳೆಯಿಂದ ಎರಡು ಸ್ಯಾಡಲ್‌ಗಳನ್ನು ಕೆತ್ತಿ ಕೊಟ್ಟಿದ್ದಾರೆ: ಗಿಡ್ಡನೆಯದು ಮಳೆಗಾಲಕ್ಕೆ, ಅದಕ್ಕಿಂತ ಅರ್ಧ ಮಿ.ಮೀ.ಯಷ್ಟು ಎತ್ತರದ್ದು ಬೇಸಗೆಗೆ. ತಂತಿ ಬದಲಿಸುವಾಗಲೇ ಸ್ಯಾಡಲ್ಲನ್ನೂ ಬದಲಿಸಿಕೊಳ್ಳುತ್ತೇನೆ, ಇನ್ನೊಂದು ಪೆಟ್ಟಿಗೆಯ ಕಿಸೆಯಲ್ಲಿ ಕಾಗದ ಸುತ್ತಿಕೊಂಡು ಕಾಯುತ್ತಿರುತ್ತದೆ.