ನಾನು 8×32 ಬೈನಾಕ್ಯುಲರ್ ಆರಿಸಿಕೊಂಡದ್ದು ಯಾಕೆ

ಬೈನಾಕ್ಯುಲರ್ ಮೇಲೆ 8×42 ಅಂತ ಬರೆದಿರುತ್ತದೆ ಅಲ್ವಾ? ಮೊದಲನೇ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ನನಗೆ ಬೇಕಿದ್ದದ್ದು ಒಂದೇ ಬೈನಾಕ್ಯುಲರ್. ಬೆಳಗ್ಗೆ ಹಕ್ಕಿ ನೋಡಲಿಕ್ಕೂ ಆಗಬೇಕು, ಪ್ರವಾಸಕ್ಕೆ ಹೋದಾಗ ಸುಮ್ನೆ ಚೀಲದಲ್ಲಿ ಹಾಕಿಕೊಳ್ಳಲಿಕ್ಕೂ ಆಗಬೇಕು.

10×42 ಮೊದಲೇ ಪಕ್ಕಕ್ಕೆ ಹೋಯಿತು. ಗೆಳೆಯರೊಬ್ಬರದನ್ನು ತಗೊಂಡು ನೋಡಿದೆ. ದೂರದ ನೀರಿನ ಮೇಲಿದ್ದ ಬಾತುಗಳು ಚೆನ್ನಾಗಿಯೇ ಕಂಡವು. ಆದರೆ ಹತ್ತು ಪಟ್ಟು ಅಂದರೆ ಕೈ ನಡುಕವೂ ಹತ್ತು ಪಟ್ಟು. ಕಾಣುವ ಜಾಗವೂ ಕಿರಿದು. 1000 ಮೀಟರ್ ದೂರದಲ್ಲಿ 8× ಸುಮಾರು 130 ಮೀಟರ್ ಅಗಲ ತೋರಿಸಿದರೆ 10× ಸುಮಾರು 110 ತೋರಿಸುತ್ತದೆ. ಎಲೆಗಳ ನಡುವೆ ಕುಪ್ಪಳಿಸುವ ಉಲಿಯಕ್ಕಿಯನ್ನು ಹುಡುಕುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನಾನು ಕಣ್ಣಿಗೆ ಹಿಡಿದು ಸರಿಮಾಡುವಷ್ಟರಲ್ಲಿ ಅದು ಬೇರೆ ಕೊಂಬೆಯಲ್ಲಿ!

ಉಳಿದದ್ದು 8×25, 8×32, 8×42. ಇಲ್ಲಿ ಒಂದು ಸಣ್ಣ ಭಾಗಾಕಾರ ಸಹಾಯಕ್ಕೆ ಬಂತು. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ, ಕಣ್ಣಿನ ಕಡೆಗೆ ಬರುವ ಬೆಳಕಿನ ಚುಕ್ಕೆಯ ಅಗಲ ಸಿಗುತ್ತದೆ. 8×25ಕ್ಕೆ ಸುಮಾರು 3 ಮಿ.ಮೀ., 8×32ಕ್ಕೆ 4, 8×42ಕ್ಕೆ 5.25. ಬೈನಾಕ್ಯುಲರನ್ನು ಕೈ ಚಾಚಿ ಹಿಡಿದು ಬೆಳಕಿನ ಕಡೆ ತಿರುಗಿಸಿದರೆ ಆ ಚುಕ್ಕೆ ಕಣ್ಣಿಗೇ ಕಾಣುತ್ತದೆ. ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆ 2–3 ಮಿ.ಮೀ.ಗೆ ಕಿರಿದಾಗುತ್ತದೆ. ಹಾಗಾಗಿ ದೊಡ್ಡ ಲೆನ್ಸ್ ತಂದ ಹೆಚ್ಚಿನ ಬೆಳಕು ಕಣ್ಣೊಳಗೆ ಹೋಗುವುದೇ ಇಲ್ಲ. ಮಧ್ಯಾಹ್ನ ಅಂಗಡಿಯ ಹೊರಗೆ ನಿಂತು ನೋಡಿದರೆ ಮೂರೂ ಹೆಚ್ಚುಕಡಿಮೆ ಒಂದೇ ಥರ ಕಾಣುವುದು ಇದಕ್ಕೇ.

ಅದಕ್ಕೆ ನಾನು ಪರೀಕ್ಷೆ ಮಾಡಿದ್ದು ಸಂಜೆ, ದಟ್ಟ ಮರದ ನೆರಳಲ್ಲಿ. 8×25 ಬೇಗ ಮಂಕಾಯಿತು. ಅದಕ್ಕಿಂತ ಜಾಸ್ತಿ ಕಿರಿಕಿರಿ ಇನ್ನೊಂದು: ಚುಕ್ಕೆ ಚಿಕ್ಕದಾದ್ದರಿಂದ ಕಣ್ಣು ಒಂಚೂರು ಸರಿದರೂ ಅಂಚು ಕಪ್ಪಾಗುತ್ತಿತ್ತು. ಆಟ ನೋಡಲು ಪರವಾಗಿಲ್ಲ, ಹಕ್ಕಿಯ ಹಿಂದೆ ಓಡಾಡಲು ಕಷ್ಟ. 32ಕ್ಕೂ 42ಕ್ಕೂ ವ್ಯತ್ಯಾಸ ಗೊತ್ತಾದದ್ದು ಮಾತ್ರ ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದ ಮೇಲೆ.

ಬೆಳಕಿನಲ್ಲಿ 42 ಮೇಲಾದರೆ ತೂಕದಲ್ಲಿ 32 ಮೇಲು. 8×42 ಸಾಮಾನ್ಯವಾಗಿ 600–750 ಗ್ರಾಂ, 8×32 ಸುಮಾರು 500. ಕೈಯಲ್ಲಿ ಹಿಡಿದಾಗ ಏನೂ ಅನಿಸದು. ಅರ್ಧ ದಿನ ಕುತ್ತಿಗೆಯಲ್ಲಿ ತೂಗಿಬಿಟ್ಟಾಗ ಅನಿಸುತ್ತದೆ. ಭಾರವಾದದ್ದನ್ನು ಮನೆಯಲ್ಲೇ ಬಿಟ್ಟು ಹೋಗುವ ಮನಸ್ಸಾಗುತ್ತದೆ, ಆ ದಿನವೇ ಒಳ್ಳೇ ಹಕ್ಕಿ ಬಂದು ಕೂರುತ್ತದೆ.

ಕನ್ನಡಕ ಹಾಕುವವರು 32ರಲ್ಲಿ ಒಂದನ್ನು ನೋಡಿಕೊಳ್ಳಬೇಕು. ಕಣ್ಣಿಗೂ ಕಣ್ಣಿನ ಕಡೆಯ ಲೆನ್ಸಿಗೂ ನಡುವೆ 15 ಮಿ.ಮೀ.ಗಿಂತ ಹೆಚ್ಚು ಜಾಗ ಬಿಟ್ಟುಕೊಂಡೂ ಪೂರ್ತಿ ದೃಶ್ಯ ಕಾಣಬೇಕು. ಕೆಲವು ಮಾದರಿಗಳಲ್ಲಿ ಅಷ್ಟು ಸಿಗುವುದಿಲ್ಲ. ನಾನು ಐಕಪ್ (ಕಣ್ಣಿಗೆ ತಾಗುವ ಕಡೆಯ ಬಳೆ) ಪೂರ್ತಿ ಕೆಳಗಿಳಿಸಿ, ನನ್ನ ಕನ್ನಡಕ ಹಾಕಿಕೊಂಡೇ ನೋಡಿ ಆರಿಸಿದೆ. ಅಂಚು ಕತ್ತರಿಸಿದಂತೆ ಕಂಡವನ್ನೆಲ್ಲ ವಾಪಸ್ ಕೊಟ್ಟೆ. ಬೆಲೆ ಒಂದೇ ಇದ್ದಾಗ ಸಾಧಾರಣ 42ಕ್ಕಿಂತ ಒಳ್ಳೇ ಗಾಜಿನ 32 ಚೊಕ್ಕವಾಗಿ ಕಂಡಿತು.

ಈಗಲೂ 42 ಬೇಕಿತ್ತು ಅನಿಸುವುದು ಕತ್ತಲಾಗುವಾಗ ಗೂಬೆ ಹುಡುಕುವಾಗ. ಆಗ ಗೆಳೆಯರ ಬೈನಾಕ್ಯುಲರ್ ಕೇಳಿ ಪಡೆಯುತ್ತೇನೆ.