ಕಾವೇರಿಯ ಎರಡು ಮಹಶೀರ್: ಮೊದಲು ಬಾಲ, ಆಮೇಲೆ ಬೆನ್ನು

ಮಹಶೀರ್ ಎಂಬ ದೊಡ್ಡ ಹೊಳೆಮೀನಿನ ಫೋಟೋ ಕಳಿಸಿ "ಇದು ಗೂನುಬೆನ್ನಿಂದೇನಾ?" ಅಂತ ಕೇಳುವವರಿಗೆ ನನ್ನ ಮೊದಲ ಪ್ರಶ್ನೆ: ಯಾವ ಹೊಳೆ? ಗೂನುಬೆನ್ನಿನ ಮಹಶೀರ್, ಅಂದರೆ ಟಾರ್ ರೆಮಾದೇವಿ, ಕಾವೇರಿ ಕೊಳ್ಳ ಬಿಟ್ಟು ಬೇರೆಲ್ಲೂ ಸಹಜವಾಗಿ ಇಲ್ಲ. ಶೃಂಗೇರಿಯಲ್ಲಿ ಪುರಿಗೆ ಮುತ್ತಿಕೊಳ್ಳುವ ಮೀನಿನ ಬೆನ್ನು ಎಷ್ಟೇ ದಪ್ಪ ಇರಲಿ, ಅದು ಗೂನುಬೆನ್ನಲ್ಲ. ತುಂಗೆ ಕೃಷ್ಣಾ ಕೊಳ್ಳದ ನದಿ. ಅರ್ಧ ಫೋಟೋಗಳ ತೀರ್ಮಾನ ಇಲ್ಲೇ ಮುಗಿಯುತ್ತದೆ.

ಕಷ್ಟ ಇರುವುದು ಕಾವೇರಿಯಲ್ಲೇ. ಇಲ್ಲಿ ಗೂನುಬೆನ್ನಿನ ಜೊತೆ ನೀಲಿರೆಕ್ಕೆಯ ಮಹಶೀರ್ ಕೂಡ ಇದೆ, ಟಾರ್ ಖುದ್ರೀ. 1839ರಲ್ಲಿ ಬ್ರಿಟಿಷ್ ಅಧಿಕಾರಿ ಸೈಕ್ಸ್ ಇದನ್ನು ವರ್ಣಿಸಿದ್ದು ಪುಣೆ ಕಡೆಯ ನದಿಯ ಮೀನು ನೋಡಿ. ಲೋನಾವಳದಲ್ಲಿ ಮರಿ ಮಾಡಿ ಬೆಳೆಸಿದ ಈ ಮೀನನ್ನು ಹಲವು ನದಿಗಳಿಗೆ ಬಿಟ್ಟರು, ಕಾವೇರಿಗೂ ಬಂತು. ಈಗ ಗಾಳಕ್ಕೆ ಸಿಗುವುದು ಹೆಚ್ಚಾಗಿ ಇದೇ. ಗೂನುಬೆನ್ನಿಗೆ 2018ರವರೆಗೂ ಸರಿಯಾದ ವೈಜ್ಞಾನಿಕ ಹೆಸರೇ ಅಂಟಿರಲಿಲ್ಲ. ಹಳೆಯ ದಾಖಲೆಗಳಲ್ಲಿ ಅದನ್ನು ಟಾರ್ ಮುಸುಲ್ಲಾ ಎಂದು ಬರೆದಿರುತ್ತಾರೆ, ಆ ಹೆಸರು ನಿಜಕ್ಕೂ ಬೇರೊಂದು ಮೀನಿನದು. ಇವತ್ತು ಗೂನುಬೆನ್ನು ಅಳಿವಿನ ತುದಿಯಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿದೆ. ಹಾಗಾಗಿ ಒಂದನ್ನು ಇನ್ನೊಂದು ಅಂತ ಬರೆದುಕೊಂಡರೆ ಅದು ಸಣ್ಣ ತಪ್ಪಲ್ಲ.

ಮೊದಲು ಅದು ಮಹಶೀರ್ ಹೌದೇ ಎಂಬುದು. ಎರಡು ಜೊತೆ ಮೀಸೆ, ದೊಡ್ಡ ದೊಡ್ಡ ಹುರುಪೆ, ಗಿಡ್ಡ ಬೆನ್ನುರೆಕ್ಕೆ, ಇಷ್ಟು ಸಾಕು. ಸಾಮಾನ್ಯ ಗೆಂಡೆಗೂ ನಾಲ್ಕು ಮೀಸೆ ಉಂಟು, ಆದರೆ ಅದರ ಬೆನ್ನುರೆಕ್ಕೆ ನಡುಬೆನ್ನಿಂದ ಬಾಲದ ಹತ್ತಿರದವರೆಗೂ ಎಳೆದಿರುತ್ತದೆ. ಕಾಟ್ಲಾಗೆ ಮೀಸೆಯೇ ಇಲ್ಲ. ರೋಹುವಿನ ಮೈಪಕ್ಕದ ಉದ್ದ ಗೆರೆಯ ಮೇಲೆ ಹುರುಪೆ ಎಣಿಸಿದರೆ 40 ದಾಟುತ್ತದೆ, ಮಹಶೀರ್‌ಗೆ 30ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಕೊಡಗು, ವಯನಾಡಿನ ಮೇಲಿನ ತೊರೆಗಳಲ್ಲಿ ನಿಯೋಲಿಸೋಕೈಲಸ್ ಎಂಬ ಹತ್ತಿರದ ನೆಂಟ ಸಿಗುತ್ತಾನೆ. ಅದರ ಕೆಳತುಟಿಯ ಮಡಿಕೆ ನಡುವೆ ತುಂಡಾಗಿರುತ್ತದೆ, ಮಹಶೀರ್‌ನಲ್ಲಿ ಆ ಮಡಿಕೆ ಈ ಕಡೆಯಿಂದ ಆ ಕಡೆಗೆ ಒಂದೇ ಸಮನೆ ಹೋಗುತ್ತದೆ.

ಆಮೇಲೆ ಬಾಲ. ಗೂನುಬೆನ್ನಿನ ಬಾಲದ ರೆಕ್ಕೆ ಮರಿಯಿಂದ ಮುದಿತನದವರೆಗೂ ಗಾಢ ಕಿತ್ತಳೆ. ನೀಲಿರೆಕ್ಕೆಯದು ಬೂದುನೀಲಿ. ಹೇಳುವುದಕ್ಕೆ ಇಷ್ಟೇ, ಆದರೆ ಅತಿ ಹೆಚ್ಚು ಎಡವುವುದೂ ಇಲ್ಲೇ. ಮಳೆಗಾಲದ ಕೆಂಪು ನೀರಿನೊಳಗಿಂದ ನೋಡಿದರೆ ಯಾವ ಬಾಲವಾದರೂ ಕಿತ್ತಳೆಯೇ. ಸಂಜೆ ಐದೂವರೆಯ ಬಿಸಿಲಲ್ಲಿ ಫೋನ್ ತಾನಾಗಿಯೇ ಬಣ್ಣ ಸರಿಮಾಡಲು ಹೋಗಿ ಬೂದುರೆಕ್ಕೆಗೆ ಅರಿಶಿನ ಬಳಿದುಬಿಡುತ್ತದೆ. ಅದಕ್ಕೇ ನಾನು ಮೀನನ್ನು ನೀರಲ್ಲೇ ಇಟ್ಟು ಬಾಲದ ತುದಿ ಮಾತ್ರ ಮೇಲೆತ್ತಿ, ಎರಡು ಬೆರಳಲ್ಲಿ ಬೀಸಣಿಗೆಯಂತೆ ಬಿಡಿಸಿ, ನನ್ನದೇ ನೆರಳಲ್ಲಿ ಫೋಟೋ ತೆಗೆಯುತ್ತೇನೆ. ಚೌಕಟ್ಟಿನೊಳಗೆ ಒಂದು ಬಿಳಿ ಪ್ಲಾಸ್ಟಿಕ್ ಕಾರ್ಡು ಇರುತ್ತದೆ. ಫೋಟೋದಲ್ಲಿ ಕಾರ್ಡು ಹಳದಿಯಾಗಿದ್ದರೆ ಬಾಲದ ಬಣ್ಣವನ್ನೂ ನಂಬುವುದಿಲ್ಲ. ಸತ್ತ ಮೀನಿನ ರೆಕ್ಕೆಯ ಬಣ್ಣ ಲೆಕ್ಕಕ್ಕೇ ಇಲ್ಲ, ಬೇಗ ಮಾಸಿಹೋಗುತ್ತದೆ.

ಎರಡನೆಯದು ಗೂನು. ಗೂನು ಎಷ್ಟು ಎತ್ತರ ಅನ್ನುವುದಕ್ಕಿಂತ ಎಲ್ಲಿಂದ ಶುರು ಅನ್ನುವುದು ಮುಖ್ಯ. ಗೂನುಬೆನ್ನಿನಲ್ಲಿ ತಲೆ ಮುಗಿಯುವ ಮೊದಲೇ, ಕೆನ್ನೆಯ ಹಿಂದಿನ ಅಂಚಿನ ನೇರಕ್ಕೆ ಬೆನ್ನು ಏರಲು ತೊಡಗಿ ಬೆನ್ನುರೆಕ್ಕೆಯವರೆಗೂ ಉಬ್ಬಿಕೊಂಡೇ ಹೋಗುತ್ತದೆ. ನೀಲಿರೆಕ್ಕೆಯ ಬೆನ್ನು ಮೂತಿಯಿಂದಲೇ ಹದವಾದ ಒಂದು ಬಾಗು. ಫೋಟೋದ ಮೇಲೆ ಮೂತಿಯ ತುದಿಯಿಂದ ಬೆನ್ನುರೆಕ್ಕೆಯ ಬುಡಕ್ಕೆ ಒಂದು ಸ್ಕೇಲ್ ಇಟ್ಟುನೋಡಿ. ಗೂನುಬೆನ್ನಿನಲ್ಲಿ ಗೆರೆಯ ಮೇಲಿನ ಉಬ್ಬು ತಲೆಯ ಹಿಂದೆಯೇ ಎದ್ದು ಕಾಣುತ್ತದೆ. ಚೆನ್ನಾಗಿ ತಿಂದು ಕೊಬ್ಬಿದ ನೀಲಿರೆಕ್ಕೆಯೂ ದಪ್ಪಗೆ ಕಾಣುವುದುಂಟು, ಆದರೆ ಆಗ ಹೊಟ್ಟೆಯೂ ಬೆನ್ನಿನಷ್ಟೇ ಇಳಿದಿರುತ್ತದೆ.

ಹೊಟ್ಟೆಯಡಿ ಕೈಕೊಟ್ಟು ಎತ್ತಿ ಹಿಡಿದ ಫೋಟೋಗಳಿಂದ ಗೂನು ತೀರ್ಮಾನಿಸುವುದನ್ನು ನಾನು ಬಿಟ್ಟೇಬಿಟ್ಟೆ. ತಲೆ ಬಾಲ ಎರಡೂ ಜೋತುಬಿದ್ದು ಇಲ್ಲದ ಗೂನು ಹುಟ್ಟುತ್ತದೆ. ಕ್ಯಾಮೆರಾ ಕಡೆಗೆ ಕೈ ಚಾಚಿ ಹಿಡಿದರಂತೂ ಅಳತೆಯೆಲ್ಲ ಸುಳ್ಳು. ಪಕ್ಕದಿಂದ, ಮೀನಿನ ಮಟ್ಟಕ್ಕೆ ಕೂತು, ಮೈ ನೇರವಾಗಿರುವಾಗ ತೆಗೆದ ಒಂದೇ ಫೋಟೋ ಹತ್ತು ಹೆಮ್ಮೆಯ ಫೋಟೋಗಳಿಗಿಂತ ಕೆಲಸಕ್ಕೆ ಬರುತ್ತದೆ.

ಇನ್ನೂ ಅನುಮಾನ ಉಳಿದರೆ ಕಣ್ಣು. ಬಲೆಯೊಳಗೆ, ನೀರಲ್ಲೇ, ಮೀನನ್ನು ಅಂಗಾತ ಮಾಡಿ ಗದ್ದದ ಕಡೆಯಿಂದ ನೋಡಬೇಕು. ಗೂನುಬೆನ್ನಿನ ಕಣ್ಣು ಕೆಳಗಿನಿಂದಲೂ ಸಲೀಸಾಗಿ ಕಾಣುತ್ತದೆ, ನೀಲಿರೆಕ್ಕೆಯದು ಅಷ್ಟಾಗಿ ಕಾಣುವುದಿಲ್ಲ. ಒಂದು ಕ್ಲಿಕ್, ತಕ್ಷಣ ಮತ್ತೆ ಮಗುಚಿ.

ತುಟಿ ನೋಡಿ ಹೇಳುವವರು ಈಗಲೂ ಇದ್ದಾರೆ. ದಪ್ಪ ತುಟಿ, ಕೆಳಗೆ ಜೋತುಬಿದ್ದ ಮಾಂಸದ ನಾಲಗೆಯಂಥದ್ದು ಒಂದೇ ಮಡುವಿನ ಒಂದೇ ಪ್ರಭೇದದಲ್ಲಿ ಒಂದಕ್ಕಿದ್ದು ಇನ್ನೊಂದಕ್ಕೆ ಇರುವುದಿಲ್ಲ. ಮೈಯ ಬಂಗಾರದ ಹೊಳಪೂ ಅಷ್ಟೇ, ನೀರು ತಿಳಿಯೋ ಕಲಕೋ ಎಂಬುದರ ಮೇಲೆ ಹೋಗುತ್ತದೆ. ಎರಡನ್ನೂ ನಾನು ಬರೆದುಕೊಳ್ಳುವುದೂ ಇಲ್ಲ.

ಇದೆಲ್ಲ ಮೀನು ಬದುಕಿ ಹೋದರೆ ಮಾತ್ರ ಅರ್ಥ. ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ. ಪರವಾನಗಿ ಇರುವ ಕಡೆಯೂ ಹಿಡಿದು ಬಿಡುವುದಷ್ಟೇ. ರಾಗಿ ಮುದ್ದೆ ಮೆತ್ತುವ ಗಾಳದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ, ಗಂಟಿಲ್ಲದ ರಬ್ಬರ್ ಬಲೆ ಇರಲಿ, ಕೈ ಒದ್ದೆಯಾಗಿರಲಿ. ನೀರಿಂದ ಹೊರಗೆ 10 ಸೆಕೆಂಡಿಗಿಂತ ಹೆಚ್ಚು ಬೇಡ. ಕಾರ್ಡು, ಫೋನು ಎಲ್ಲ ಮೀನು ಬಲೆಗೆ ಬರುವ ಮೊದಲೇ ಸಿದ್ಧವಿರಬೇಕು. ಬಿಡುವಾಗ ತಲೆ ಹರಿವಿಗೆ ಎದುರಾಗಿ ಹಿಡಿದುಕೊಳ್ಳಿ, ಬಾಲ ಬೀಸಿ ತಾನೇ ಕೈಯಿಂದ ಜಾರಿಹೋಗಲಿ.

ಬಾಲ ಒಂದು ಹೇಳಿ ಬೆನ್ನು ಇನ್ನೊಂದು ಹೇಳಿದರೆ ನನ್ನ ಪುಸ್ತಕದಲ್ಲಿ "ಮಹಶೀರ್, ಪ್ರಭೇದ ಖಚಿತವಿಲ್ಲ" ಅಂತ ಬರೆದು ಮೂರೂ ಫೋಟೋ ಅಂಟಿಸಿಡುತ್ತೇನೆ. ಮಿಶ್ರತಳಿ ಇರಬಹುದೇ ಎಂಬುದು ಕಣ್ಣಳತೆಗೆ ಸಿಗುವ ವಿಷಯವಲ್ಲ, ಅದಕ್ಕೆ ಡಿಎನ್‌ಎ ಬೇಕು. ಅನುಮತಿಯಿಲ್ಲದೆ ರೆಕ್ಕೆಯ ಚೂರು ಕತ್ತರಿಸಿಕೊಂಡು ಬರುವ ಉತ್ಸಾಹ ಮಾತ್ರ ಬೇಡ.