ಟಾರ್ಕ್ ಹೆಚ್ಚೋ ಹಾರ್ಸ್‌ಪವರ್ ಹೆಚ್ಚೋ: ಗ್ರಾಫ್ ಹಾಳೆ ಹಿಡಿದು ಕುಳಿತ ನನ್ನ ಅನುಭವ

ನನ್ನದು ಪೆಟ್ರೋಲ್ ಕಾರು, ಗೆಳೆಯನದು ಡೀಸೆಲ್. ನನ್ನ ಎಂಜಿನ್ನಿನ ಶಕ್ತಿ 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) 83 ಪಿಎಸ್, ಅಂದರೆ ಮೆಟ್ರಿಕ್ ಹಾರ್ಸ್‌ಪವರ್; ಟಾರ್ಕ್, ಅಂದರೆ ತಿರುಗಿಸುವ ಬಲ, 4200ರಲ್ಲಿ 113 ನ್ಯೂಟನ್ ಮೀಟರ್. ಅವನದು 4000ದಲ್ಲಿ 75 ಪಿಎಸ್. ಆದರೆ ಟಾರ್ಕ್ 2000 ಆರ್‌ಪಿಎಂಗೇ 190. ಈ ನಾಲ್ಕು ಅಂಕಿಗಳನ್ನು ಹಿಡಿದುಕೊಂಡು ನಾವಿಬ್ಬರೂ ವರ್ಷಗಟ್ಟಲೆ ವಾದಿಸಿದ್ದೇವೆ.

ಹಾರ್ಸ್‌ಪವರ್ ಕಾರು ಮಾರುವುದಕ್ಕೆ, ಟಾರ್ಕ್ ರೇಸ್ ಗೆಲ್ಲುವುದಕ್ಕೆ ಎಂಬ ಹಳೆಯ ಮಾತು ಅವನ ಆಯುಧ. ನಾನು ಫಾರ್ಮುಲಾ ಒನ್ ಎಂಜಿನ್ನನ್ನು ಎದುರಿಗೆ ತರುತ್ತಿದ್ದೆ. 2009ರಿಂದ 2013ರವರೆಗೆ ಅಲ್ಲಿ ಓಡಿದ 2.4 ಲೀಟರಿನ ವಿ8 ಎಂಜಿನ್ನುಗಳಿಗೆ 18,000 ಆರ್‌ಪಿಎಂ ಮಿತಿ ಇತ್ತು. ಅವುಗಳ ಟಾರ್ಕ್ ಸುಮಾರು 300 ನ್ಯೂಟನ್ ಮೀಟರ್; ಎರಡು ಲೀಟರಿನ ಸಾಧಾರಣ ಟರ್ಬೊ ಡೀಸೆಲ್ ಕೂಡ ಅಷ್ಟನ್ನು ಕೊಡುತ್ತದೆ. ಶಕ್ತಿ ಮಾತ್ರ 700 ಹಾರ್ಸ್‌ಪವರ್ ದಾಟಿತ್ತು. ಈ ಉದಾಹರಣೆಗೆ ಅವನಲ್ಲಿ ಉತ್ತರವಿರಲಿಲ್ಲ. ಆದರೆ ಒಂದು ದಿನ ಅವನ ಕಾರಿನಲ್ಲಿ ಕುಳಿತಿದ್ದಾಗ ಮೂರನೆಯ ಗೇರಿನಲ್ಲಿ, 60 ಕಿಲೋಮೀಟರ್ ವೇಗದಲ್ಲಿ, ಅವನು ಆಕ್ಸಿಲರೇಟರ್ ಪೂರ್ತಿ ಒತ್ತಿದ. ನನ್ನ ಬೆನ್ನು ಸೀಟಿಗೆ ಒತ್ತಿಕೊಂಡಿತು. ನನ್ನ ಕಾರು ಮೂರನೆಯ ಗೇರಿನಲ್ಲಿ ಹಾಗೆ ಎಂದೂ ತಳ್ಳಿರಲಿಲ್ಲ. ಇದಕ್ಕೆ ನನ್ನಲ್ಲೂ ಉತ್ತರವಿರಲಿಲ್ಲ. ಅಂದು ಸಂಜೆಯೇ ಗ್ರಾಫ್ ಹಾಳೆ ತೆಗೆದೆ.

ಮೊದಲು ಟಯರ್. 175/65 ಆರ್14 ಎಂಬ ಗುರುತಿನಿಂದ ಲೆಕ್ಕ ಹಾಕಿದರೆ ಸುತ್ತಳತೆ 1.83 ಮೀಟರ್ ಬರುತ್ತದೆ. ಆದರೆ ಭಾರ ಹೊತ್ತ ಟಯರ್ ಕೆಳಗೆ ಸ್ವಲ್ಪ ಚಪ್ಪಟೆಯಾಗುತ್ತದೆ. ಹಾಗಾಗಿ ಟಯರಿನ ಮೇಲೊಂದು, ನೆಲದ ಮೇಲೊಂದು ಸೀಮೆಸುಣ್ಣದ ಗೆರೆ ಎಳೆದು, ಕಾರನ್ನು ಕೈಯಿಂದಲೇ ಒಂದು ಸುತ್ತು ತಳ್ಳಿ ಟೇಪಿನಲ್ಲಿ ಅಳೆದೆ: 1.80 ಮೀಟರ್. ಗೆಳೆಯನ ಟಯರೂ ಅದೇ ಅಳತೆಯದು. 60 ಕಿಲೋಮೀಟರ್ ವೇಗವೆಂದರೆ ನಿಮಿಷಕ್ಕೆ ಸರಿಯಾಗಿ 1000 ಮೀಟರ್, ಅಂದರೆ ಚಕ್ರಕ್ಕೆ ನಿಮಿಷಕ್ಕೆ 556 ಸುತ್ತು.

ಆಮೇಲೆ ಗೇರ್ ಅನುಪಾತಗಳು. ನನ್ನ ಕಾರಿನ ಎರಡನೆಯ ಗೇರು 1.9, ಮೂರನೆಯದು 1.28, ಯಾವ ಗೇರಿನಲ್ಲಿದ್ದರೂ ಅದರ ಜೊತೆಗೆ ಸೇರುವ ಕೊನೆಯ ಅನುಪಾತ (ಫೈನಲ್ ಡ್ರೈವ್) 4.3. ಅವನದು 1.9, 1.2 ಮತ್ತು 3.5. ನಮ್ಮ ವಾದಗಳಲ್ಲಿ ಒಮ್ಮೆಯೂ ಬಾರದಿದ್ದ ಸಂಖ್ಯೆಗಳಿವು. ಗೇರ್‌ಬಾಕ್ಸ್ ಮಾಡುವುದು ಹಾರೆ ಮಾಡುವ ಕೆಲಸವನ್ನೇ. ಹಾರೆಯ ಹಿಡಿತ ಉದ್ದವಾದಷ್ಟೂ ಬಂಡೆ ಸುಲಭವಾಗಿ ಮೇಲೇಳುತ್ತದೆ, ಆದರೆ ಕೈ ಅಷ್ಟೇ ಹೆಚ್ಚು ದೂರ ಹೋಗಬೇಕು. ಹೆಚ್ಚು ಆರ್‌ಪಿಎಂಗೆ ತಿರುಗಬಲ್ಲ ಎಂಜಿನ್ನಿಗೆ ಉದ್ದದ ಹಾರೆ ಕೊಡಬಹುದು. ಡೀಸೆಲ್ ಎಂಜಿನ್ ಅಷ್ಟು ತಿರುಗುವುದಿಲ್ಲ, ಆದ್ದರಿಂದ ಅದರ ಹಾರೆ ಗಿಡ್ಡ. ಎಂಜಿನ್ನಿನ ಟಾರ್ಕನ್ನು ಆ ಗೇರಿನ ಅನುಪಾತ ಮತ್ತು ಕೊನೆಯ ಅನುಪಾತ ಎರಡರಿಂದಲೂ ಗುಣಿಸಿದಾಗಲೇ ಚಕ್ರಕ್ಕೆ ತಲುಪುವ ಟಾರ್ಕ್ ತಿಳಿಯುತ್ತದೆ. ಗೇರ್‌ಬಾಕ್ಸಿನ ಒಳಗಿನ ನಷ್ಟವನ್ನು ಎರಡೂ ಕಾರುಗಳಲ್ಲಿ ಬಿಟ್ಟುಬಿಟ್ಟೆ.

ಮೂರನೆಯ ಗೇರು, 60ರ ವೇಗ. ಚಕ್ರದ 556 ಸುತ್ತನ್ನೂ ಅದೇ ಅನುಪಾತಗಳಿಂದ ಗುಣಿಸಿದರೆ ನನ್ನ ಎಂಜಿನ್ 3060 ಆರ್‌ಪಿಎಂನಲ್ಲಿದೆ; ಅಲ್ಲಿನ 106 ನ್ಯೂಟನ್ ಮೀಟರ್ ಚಕ್ರದಲ್ಲಿ 583 ಆಗುತ್ತದೆ. ಅವನದು 2330ರಲ್ಲಿದೆ, ಅಲ್ಲಿನ 187 ಚಕ್ರದಲ್ಲಿ 785. ನನ್ನ ಬೆನ್ನು ಹೇಳಿದ್ದು ನಿಜವೇ ಆಗಿತ್ತು. ಈಗ ಇಬ್ಬರೂ ಎರಡನೆಯ ಗೇರಿಗೆ ಇಳಿಯೋಣ. ನನ್ನದು 4540 ಆರ್‌ಪಿಎಂ, ಚಕ್ರದಲ್ಲಿ 915. ಅವನದು 3690, ಚಕ್ರದಲ್ಲಿ 938. ಹತ್ತಿರ ಹತ್ತಿರ ಸಮ! ಅವನ ಕಾರು ನನ್ನದಕ್ಕಿಂತ ನೂರು ಕಿಲೋ ಭಾರವಿರುವುದರಿಂದ ರಸ್ತೆಯಲ್ಲಿ ಆ ಚಿಕ್ಕ ಅಂತರವೂ ಉಳಿಯುವುದಿಲ್ಲ.

ಇಲ್ಲಿ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್‌ನಲ್ಲಿ ಶಕ್ತಿ ಸಿಗುತ್ತದೆ. ಎರಡನೆಯ ಗೇರಿನಲ್ಲಿ ನನ್ನದು 53.2, ಅವನದು 54.5. ಮೂರನೆಯದರಲ್ಲಿ 33.9 ಮತ್ತು 45.7. ಚಕ್ರದ ಟಾರ್ಕುಗಳ ನಡುವಿನ ಪ್ರಮಾಣವೂ ಈ ಶಕ್ತಿಗಳ ನಡುವಿನ ಪ್ರಮಾಣವೂ ಎರಡೂ ಸಲ ಒಂದೇ. ಕಾರುಗಳು ಒಂದೇ ವೇಗದಲ್ಲಿದ್ದಾಗ, ಆ ಕ್ಷಣ ಯಾವ ಎಂಜಿನ್ ಹೆಚ್ಚು ಶಕ್ತಿ ಕೊಡುತ್ತಿದೆಯೋ ಅದರ ಚಕ್ರವೇ ಹೆಚ್ಚು ಬಲವಾಗಿ ತಳ್ಳುತ್ತದೆ. ಅಂದರೆ ಟಾರ್ಕ್ ಮತ್ತು ಹಾರ್ಸ್‌ಪವರ್ ಎದುರಾಳಿಗಳೇ ಅಲ್ಲ; ಒಂದಕ್ಕೆ ಸುತ್ತಿನ ವೇಗ ಸೇರಿದರೆ ಇನ್ನೊಂದು. ಡೀಸೆಲ್‌ನ ಗುಣವೆಂದರೆ, ಗೇರ್ ಇಳಿಸದೆಯೇ ಅದು ತನ್ನ ಶಕ್ತಿಯ ದೊಡ್ಡ ಪಾಲನ್ನು ಕೈಗಿಡುತ್ತದೆ. ದಿನನಿತ್ಯ ಓಡಿಸುವವನಿಗೆ ಅದು ನಿಜವಾಗಿಯೂ ದೊಡ್ಡ ಗುಣ. ಅಷ್ಟನ್ನು ಒಪ್ಪಲು ನನಗೆ ಇಷ್ಟು ವರ್ಷ ಬೇಕಾಯಿತು.

ಅದೇ ಹಾಳೆ ನನ್ನ ಅಭ್ಯಾಸವನ್ನೂ ತಿದ್ದಿತು. ಟಾರ್ಕಿನ ಶಿಖರ 4200ರಲ್ಲಿ ತಾನೇ, ಅಲ್ಲಿಂದಾಚೆ ಎಂಜಿನ್ ಕಿರುಚುವುದಷ್ಟೇ ಎಂದು ನಂಬಿ, ಓವರ್‌ಟೇಕ್ ಮಾಡುವಾಗಲೂ ಅಲ್ಲೇ ಗೇರ್ ಏರಿಸುತ್ತಿದ್ದೆ. ಎರಡನೆಯ ಗೇರಿನಲ್ಲಿ ಅದು ಸುಮಾರು 55ರ ವೇಗ. ಆದರೆ ಶಿಖರ ದಾಟಿ 6000 ತಲುಪಿದಾಗಲೂ, ಉಳಿದ 97 ನ್ಯೂಟನ್ ಮೀಟರನ್ನು 1.9ರಿಂದ ಗುಣಿಸಿದರೆ 184 (ಕೊನೆಯ ಅನುಪಾತ ಎರಡೂ ಗೇರುಗಳಿಗೆ ಒಂದೇ, ಹಾಗಾಗಿ ಇಲ್ಲಿ ಬಿಟ್ಟಿದ್ದೇನೆ). ಆಗ ಮೂರನೆಯ ಗೇರಿಗೆ ಹೋದರೆ ಎಂಜಿನ್ 4040ಕ್ಕೆ ಇಳಿದು ಪೂರ್ಣ 113 ಕೊಟ್ಟರೂ, 1.28ರಿಂದ ಗುಣಿಸಿದಾಗ 145 ಮಾತ್ರ. ವಾಹನಗಳಿಲ್ಲದ ನೇರ ರಸ್ತೆಯಲ್ಲಿ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, 40ರಿಂದ 80ಕ್ಕೆ ಏರುವುದನ್ನು ಅವನ ಮೊಬೈಲಿನಲ್ಲಿ ಅಳೆಸಿದೆ. ಎರಡನೆಯ ಗೇರಿನಲ್ಲಿ 5 ಸೆಕೆಂಡಿನ ಆಸುಪಾಸು, ಮೂರನೆಯದರಲ್ಲಿ 8 ಸೆಕೆಂಡಿಗೂ ಹೆಚ್ಚು. ಎದುರಿನಿಂದ ವಾಹನ ಬರುತ್ತಿರುವಾಗ ಆ ಮೂರು ಸೆಕೆಂಡು ಎಷ್ಟು ದೀರ್ಘವೆಂದು ಓಡಿಸಿದವರಿಗೆ ಗೊತ್ತು.

ಮನೆಗೆ ಬಂದ ಮೇಲೆ ಅವನೇ ಪೆನ್ಸಿಲ್ ಕೇಳಿ ತೆಗೆದುಕೊಂಡ. ವೇಗಕ್ಕೆ ತಕ್ಕಂತೆ ಚಕ್ರದ ಟಾರ್ಕ್ ತೋರಿಸುವ ಗೆರೆಗಳನ್ನು ಎಳೆದಿದ್ದ ನನ್ನ ಹಾಳೆಯಲ್ಲಿ ಎರಡನೆಯ ಮತ್ತು ಮೂರನೆಯ ಗೇರುಗಳ ಗೆರೆಗಳು ಆರ್‌ಪಿಎಂ ಮಿತಿಯೊಳಗೆ ಎಲ್ಲಿಯೂ ಕೂಡುವುದಿಲ್ಲ. ಅವನ ಕಾರಿನ ಗೆರೆಗಳು ಎರಡನೆಯ ಗೇರಿನ 4300 ಆರ್‌ಪಿಎಂ ಹತ್ತಿರ ಒಂದನ್ನೊಂದು ಕತ್ತರಿಸಿದವು; ಗೇರ್ ಏರಿಸಬೇಕಾದದ್ದು ಅಲ್ಲಿ. ಅವನು ಇಷ್ಟು ದಿನ 3000ಕ್ಕೇ ಗೇರ್ ಏರಿಸುತ್ತಿದ್ದ. ಆ ಬಿಂದುವಿನ ಸುತ್ತ ಒಂದು ವೃತ್ತ ಬರೆದು, "ನಾಲ್ಕನೆಯದರದ್ದೂ ಹಾಕಿಬಿಡೋಣ, ಇನ್ನೊಂದು ಹಾಳೆ ಕೊಡು" ಎಂದ.